ಒಂದು ತುಂಡು ಚಾಕೊಲೇಟ್ ಹಿಡಿದು ‘1984’ ಓದುವುದು ಹೇಗೆ

ನನ್ನ ಅಕ್ಕನ ಮಗಳು ಬಿ.ಎ. ಓದುತ್ತಿದ್ದಾಳೆ. ಹೋದ ವರ್ಷ ರಜೆಗೆ ಮನೆಗೆ ಬಂದಾಗ ಜಾರ್ಜ್ ಆರ್ವೆಲ್ ಬರೆದ ‘1984’ ಕಾದಂಬರಿಯ ನೋಟ್ಸ್ ತೋರಿಸಿದಳು. ಒಂದು ಪುಟದಲ್ಲಿ ಪಾತ್ರಗಳು, ಇನ್ನೊಂದರಲ್ಲಿ ಸಂಕೇತಗಳು, ಮೂರನೆಯದರಲ್ಲಿ ಸಮಾಜ. ಸಂಕೇತದ ಪುಟದಲ್ಲಿ ಸಾಲಾಗಿ ಬರೆದಿತ್ತು: ಗಾಜಿನ ಪೇಪರ್‌ವೇಟ್ ಅಂದರೆ ಕಳೆದ ಕಾಲ, ಟೆಲಿಸ್ಕ್ರೀನ್ ಅಂದರೆ ಕಣ್ಗಾವಲು, ಇಲಿ ಅಂದರೆ ಭಯ. ಒಂದೂ ತಪ್ಪಿಲ್ಲ. ಆದರೆ ಪುಸ್ತಕ ಓದಿದ ಗುರುತು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ‘ಚಿಕ್ಕಮ್ಮ, ಇದೆಲ್ಲ ಬಾಯಿಪಾಠ ಆಗಿದೆ, ಆದ್ರೆ ಈ ಪುಸ್ತಕಕ್ಕೆ ಯಾಕಿಷ್ಟು ಹೆಸರು ಅಂತ ಇನ್ನೂ ಗೊತ್ತಾಗಿಲ್ಲ’ ಅಂದಳು.

ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪಾತ್ರ, ಸಂಕೇತ, ಸಮಾಜ ಅಂತ ಮೂರು ಡಬ್ಬಿ ಇಟ್ಟುಕೊಂಡು ತುಂಬಬೇಡಿ. ಪುಸ್ತಕದೊಳಗಿನ ಒಂದೇ ಒಂದು ಸಣ್ಣ ವಸ್ತು ಹಿಡಿದುಕೊಳ್ಳಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ನೋಡಿ. ಮೂರೂ ಒಟ್ಟಿಗೇ ಸಿಗುತ್ತವೆ. ‘1984’ರಲ್ಲಿ ನಾನು ಹಿಡಿಯುವ ವಸ್ತು ಚಾಕೊಲೇಟ್.

ಕಥೆಯ ಕೊನೆಯವರೆಗಿನ ವಿಷಯ ಇಲ್ಲಿ ಬರುತ್ತದೆ. ಇನ್ನೂ ಓದಿಲ್ಲದವರು ಓದಿ ಬನ್ನಿ, ಆತುರ ಏನಿಲ್ಲ.

ಶುರು ಮಾಡುವ ಮೊದಲು

ಬೇಕಾದದ್ದು ಪುಸ್ತಕ, ಪೆನ್ಸಿಲ್, ಒಂದು ಹಾಳೆ, ಮತ್ತೆ ಎರಡು ಸಲ ಓದುವಷ್ಟು ಸಮಯ. ಪುಸ್ತಕ ಸ್ವಂತದ್ದಾಗಿದ್ದರೆ ಒಳ್ಳೆಯದು, ಗೀಚಬೇಕಾಗುತ್ತದೆ. ಆರ್ವೆಲ್ 1950ರ ಜನವರಿಯಲ್ಲಿ ತೀರಿಕೊಂಡವರು, ಭಾರತದಲ್ಲಿ ಅವರ ಪುಸ್ತಕಗಳ ಕಾಪಿರೈಟ್ ಮುಗಿದಿದೆ, ಹಾಗಾಗಿ ಕಡಿಮೆ ಬೆಲೆಯ ಪ್ರತಿಗಳು ಎಲ್ಲ ಕಡೆ ಸಿಗುತ್ತವೆ.

ಪುಸ್ತಕದಲ್ಲಿ ಮೂರು ಭಾಗಗಳಿವೆ. ಮೊದಲನೆಯದರಲ್ಲಿ 8 ಅಧ್ಯಾಯ, ಎರಡನೆಯದರಲ್ಲಿ 10, ಮೂರನೆಯದರಲ್ಲಿ 6. ಕೊನೆಗೆ, ಕಥೆಯಲ್ಲಿ ಸರ್ಕಾರ ಹುಟ್ಟುಹಾಕಿದ ನ್ಯೂಸ್ಪೀಕ್ ಭಾಷೆಯ ಬಗ್ಗೆ ಒಂದು ಅನುಬಂಧ. ನೋಟ್ಸ್ ಮಾಡುವಾಗ ಪುಟದ ಸಂಖ್ಯೆ ಬರೆಯಬೇಡಿ, ಒಂದೊಂದು ಪ್ರತಿಯಲ್ಲಿ ಒಂದೊಂದು ಥರ ಇರುತ್ತದೆ. ಭಾಗ, ಅಧ್ಯಾಯ ಬರೆದುಕೊಳ್ಳಿ.

ಹೆಜ್ಜೆ 1: ಮೊದಲ ಸಲ ಸುಮ್ನೆ ಓದಿ

ನೋಟ್ಸ್ ಬೇಡ, ಯಾರದೋ ವಿಮರ್ಶೆಯೂ ಬೇಡ. ಕೆಲಸ ಒಂದೇ. ತಿನ್ನುವ, ಮುಟ್ಟುವ, ಕೊಳ್ಳುವ, ಒಡೆಯುವ ವಸ್ತು ಯಾವುದಾದರೂ ಎರಡನೇ ಸಲ ಬಂತು ಅನ್ನಿಸಿದರೆ ಅಂಚಿನಲ್ಲಿ ಒಂದು ಚುಕ್ಕಿ ಇಡಿ. ಜಿನ್ ಬಂದರೆ ಚುಕ್ಕಿ, ರೇಜರ್ ಬ್ಲೇಡ್ ಬಂದರೆ ಚುಕ್ಕಿ.

ಎರಡನೇ ಭಾಗದ 9ನೇ ಅಧ್ಯಾಯದಲ್ಲಿ ಮುಖ್ಯ ಪಾತ್ರವಾದ ವಿನ್‌ಸ್ಟನ್ ಒಂದು ನಿಷೇಧಿತ ಪುಸ್ತಕ ಓದುತ್ತಾನೆ. ಅದರ ಪುಟಗಳನ್ನೇ ಆರ್ವೆಲ್ ಉದ್ದಕ್ಕೆ ಕೊಟ್ಟಿದ್ದಾರೆ. ಬಹಳ ಜನ ಅಲ್ಲಿಗೆ ಬಂದು ಪುಸ್ತಕ ಮುಚ್ಚಿಬಿಡುತ್ತಾರೆ. ಮೊದಲ ಓದಿನಲ್ಲಿ ಅದನ್ನು ಬೇಗ ಬೇಗ ದಾಟಿ. ವಿನ್‌ಸ್ಟನ್ ಅದನ್ನು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿರುವ ಪ್ರೇಯಸಿ ಜೂಲಿಯಾ ಕೂಡ ನಿದ್ದೆ ಹೋಗುತ್ತಾಳೆ. ಆಮೇಲೆ ವಾಪಸ್ ಬನ್ನಿ, ಹೆಜ್ಜೆ 5ರಲ್ಲಿ ಅದು ಬೇಕು.

ಹೆಜ್ಜೆ 2: ವಸ್ತು ಆರಿಸಿಕೊಳ್ಳಿ

ಓದು ಮುಗಿದಾಗ ಹತ್ತಾರು ಚುಕ್ಕಿ ಇರುತ್ತವೆ. ಅದರಲ್ಲಿ ಒಂದನ್ನು ಆರಿಸಿ. ಅದು ಒಬ್ಬರಿಂದ ಇನ್ನೊಬ್ಬರಿಗೆ ಕೈ ಬದಲಾಗಬೇಕು, ಮೂರು ಕಡೆಯಾದರೂ ಬರಬೇಕು, ಮತ್ತೆ ಅದು ಸಂಕೇತ ಅಂತ ಪುಸ್ತಕವೇ ಕೂಗಿ ಹೇಳುತ್ತಿರಬಾರದು.

ಆಳುವ ಪಕ್ಷದ ನಾಯಕ ಬಿಗ್ ಬ್ರದರ್ ಪೋಸ್ಟರ್ ಇದಕ್ಕೆ ಸರಿ ಬರುವುದಿಲ್ಲ. ಅದು ಗೋಡೆ ಬಿಟ್ಟು ಎಲ್ಲೂ ಹೋಗುವುದಿಲ್ಲ. ಪೇಪರ್‌ವೇಟ್ ತುಂಬ ಚೆಂದದ ವಸ್ತು, ಗಾಜಿನೊಳಗೆ ಹವಳದ ಚೂರು, ಬಂಧನದ ಹೊತ್ತಿನಲ್ಲಿ ಅದು ಒಡೆದು ಹವಳ ಎಷ್ಟು ಪುಟ್ಟದು ಅಂತ ಕಾಣುವ ಸಾಲು ಓದಿ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಆದರೆ ಅದರ ಅರ್ಥವನ್ನು ವಿನ್‌ಸ್ಟನ್ ತಾನೇ ಬಿಡಿಸಿ ಹೇಳಿಬಿಡುತ್ತಾನೆ: ಪೇಪರ್‌ವೇಟ್ ಅಂದರೆ ನಮ್ಮ ಕೋಣೆ, ಹವಳ ಅಂದರೆ ನಾವಿಬ್ಬರು. ನಿಮಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಚಾಕೊಲೇಟ್ ಬಗ್ಗೆ ಯಾರೂ ಹೀಗೆ ಹೇಳುವುದಿಲ್ಲ. ಅದು ಸುಮ್ಮನೆ ಬರುತ್ತದೆ, ಹೋಗುತ್ತದೆ.

ಹೆಜ್ಜೆ 3: ಬಂದ ಕಡೆಯೆಲ್ಲ ಬರೆದುಕೊಳ್ಳಿ

ಈಗ ಎರಡನೇ ಓದು. ಹಾಳೆಯ ಮೇಲೆ ಪ್ರತಿ ಸಲವೂ ನಾಲ್ಕು ವಿಷಯ ಬರೆಯಿರಿ: ಎಲ್ಲಿ ಬಂತು, ಯಾರ ಕೈಯಲ್ಲಿತ್ತು, ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಆಮೇಲೆ ಏನಾಯಿತು. ಅರ್ಥ ಬರೆಯಬೇಡಿ, ಅದಕ್ಕೆ ಇನ್ನೂ ಸಮಯ ಇದೆ.

ಚಾಕೊಲೇಟ್ ಹಿಡಿದರೆ ಸಿಗುವುದು ಇಷ್ಟು.

ಮೊದಲ ಭಾಗ, 2ನೇ ಅಧ್ಯಾಯ. ಟೆಲಿಸ್ಕ್ರೀನ್‌ನಲ್ಲಿ (ನೋಡುವವರನ್ನೇ ತಿರುಗಿ ನೋಡುವ ಟಿ.ವಿ.ಯಂಥದ್ದು) ಕಹಳೆ ಊದಿ ಸುದ್ದಿ ಹೇಳುತ್ತಾರೆ. ಮಲಬಾರ್ ಯುದ್ಧರಂಗದಿಂದ ಬಂದ ಸುದ್ದಿ, ದಕ್ಷಿಣ ಭಾರತದಲ್ಲಿ ನಮ್ಮ ಸೈನ್ಯಕ್ಕೆ ಭಾರಿ ಜಯ ಅಂತ. ಹೌದು, ನಮ್ಮ ಪಕ್ಕದ ಮಲಬಾರ್. ಇದನ್ನು ಕೇಳಿದ ಕೂಡಲೇ ವಿನ್‌ಸ್ಟನ್‌ಗೆ ಏನೋ ಕೆಟ್ಟ ಸುದ್ದಿ ಬರುತ್ತದೆ ಅನ್ನಿಸುತ್ತದೆ. ಬರುತ್ತದೆ. ಸತ್ತವರ, ಸೆರೆಸಿಕ್ಕವರ ಲೆಕ್ಕ ಹೇಳಿ ಮುಗಿಸಿ, ಮುಂದಿನ ವಾರದಿಂದ ಚಾಕೊಲೇಟ್ ರೇಷನ್ 30 ಗ್ರಾಂನಿಂದ 20 ಗ್ರಾಂಗೆ ಇಳಿಯುತ್ತದೆ ಅನ್ನುತ್ತಾರೆ.

ಅದೇ ಭಾಗ, 4ನೇ ಅಧ್ಯಾಯ. ವಿನ್‌ಸ್ಟನ್ ಆಫೀಸಿನಲ್ಲಿದ್ದಾನೆ. ಹಳೆಯ ಪತ್ರಿಕೆಗಳನ್ನು ತಿದ್ದುವುದೇ ಅವನ ಕೆಲಸ. ಈ ವರ್ಷ ಚಾಕೊಲೇಟ್ ರೇಷನ್ ಕಡಿಮೆ ಮಾಡುವುದಿಲ್ಲ ಅಂತ ಫೆಬ್ರವರಿಯಲ್ಲಿ ಸರ್ಕಾರ ಮಾತು ಕೊಟ್ಟಿತ್ತು. ಆ ಮಾತನ್ನು ಅಳಿಸಿ, ಏಪ್ರಿಲ್‌ನಲ್ಲಿ ಕಡಿಮೆ ಮಾಡಬೇಕಾಗಬಹುದು ಅಂತ ಎಚ್ಚರಿಕೆ ಕೊಟ್ಟಿದ್ದ ಹಾಗೆ ಬದಲಾಯಿಸಬೇಕು. ಬದಲಾಯಿಸುತ್ತಾನೆ.

5ನೇ ಅಧ್ಯಾಯ, ಕ್ಯಾಂಟೀನ್. ರೇಷನ್ ಅನ್ನು 20 ಗ್ರಾಂಗೆ *ಏರಿಸಿದ್ದಕ್ಕೆ* ಬಿಗ್ ಬ್ರದರ್‌ಗೆ ಧನ್ಯವಾದ ಹೇಳಿ ಜನ ಮೆರವಣಿಗೆ ಮಾಡಿದರು ಅಂತ ಟೆಲಿಸ್ಕ್ರೀನ್ ಹೇಳುತ್ತದೆ. ಇಳಿಸುತ್ತೇವೆ ಅಂತ ಹೇಳಿ ಒಂದು ದಿನ ಆಗಿದೆ ಅಷ್ಟೇ. ಎಲ್ಲರೂ ನಂಬುತ್ತಾರೆ.

ಎರಡನೇ ಭಾಗ, 2ನೇ ಅಧ್ಯಾಯ. ಕಾಡಿನಲ್ಲಿ ವಿನ್‌ಸ್ಟನ್ ಮತ್ತು ಜೂಲಿಯಾ ಮೊದಲ ಸಲ ಒಂಟಿಯಾಗಿ ಸಿಗುತ್ತಾರೆ. ಅವಳು ಜೇಬಿನಿಂದ ಚಾಕೊಲೇಟ್ ತೆಗೆದು, ಎರಡು ತುಂಡು ಮಾಡಿ, ಒಂದು ಅವನಿಗೆ ಕೊಡುತ್ತಾಳೆ. ಕಾಳಸಂತೆಯದು. ಬೆಳ್ಳಿ ಕಾಗದ, ಕಪ್ಪು, ಹೊಳಪು. ರೇಷನ್ ಚಾಕೊಲೇಟ್ ಪುಡಿಪುಡಿಯಾಗಿ ಕಸ ಸುಟ್ಟ ಹೊಗೆಯ ಹಾಗಿರುತ್ತದಂತೆ. ಇದರ ವಾಸನೆಗೇ ಅವನಿಗೆ ಏನೋ ನೆನಪು ಬರುತ್ತದೆ. ಯಾವುದೋ ಮಾಡಬಾರದ್ದನ್ನು ಮಾಡಿದ ನೆನಪು. ಏನು ಅಂತ ಗೊತ್ತಾಗುವುದಿಲ್ಲ, ತಳ್ಳಿಬಿಡುತ್ತಾನೆ.

ಎರಡನೇ ಭಾಗ, 7ನೇ ಅಧ್ಯಾಯ. ಆ ನೆನಪು ಪೂರ್ತಿ ಬರುವುದು ಇಲ್ಲಿ. ಅವನಿಗಾಗ ಹತ್ತೋ ಹನ್ನೆರಡೋ ವರ್ಷ. ಅಪ್ಪ ಕಾಣೆಯಾಗಿದ್ದಾನೆ. ಅಮ್ಮ, ಎರಡು ಮೂರು ವರ್ಷದ ಕಾಯಿಲೆಯ ತಂಗಿ, ಹಸಿವು. ಎಷ್ಟೋ ವಾರಗಳ ಮೇಲೆ ರೇಷನ್‌ನಲ್ಲಿ ಒಂದು ಸಣ್ಣ ಚಾಕೊಲೇಟ್ ಸಿಗುತ್ತದೆ. ಪೂರ್ತಿ ನನಗೇ ಬೇಕು ಅಂತ ಹುಡುಗ ಹಟ ಹಿಡಿಯುತ್ತಾನೆ. ಅಮ್ಮ ಮುಕ್ಕಾಲು ಪಾಲು ಅವನಿಗೆ ಕೊಟ್ಟು ಕಾಲು ಪಾಲು ಮಗುವಿಗೆ ಕೊಡುತ್ತಾಳೆ. ತನಗೆ ಏನೂ ಇಟ್ಟುಕೊಳ್ಳುವುದಿಲ್ಲ. ಮಗು ಅದನ್ನು ಕೈಯಲ್ಲಿ ಹಿಡಿದು ನೋಡುತ್ತದೆ, ಅದೇನು ಅಂತಲೇ ಗೊತ್ತಿಲ್ಲವೇನೋ ಅನ್ನುವ ಹಾಗೆ. ಹುಡುಗ ಅದನ್ನೂ ಕಿತ್ತುಕೊಂಡು ಓಡುತ್ತಾನೆ. ಬಾಗಿಲ ಹತ್ತಿರ ತಿರುಗಿ ನೋಡಿದರೆ, ಅಮ್ಮ ತಂಗಿಯನ್ನು ತೋಳಿನಲ್ಲಿ ಬಳಸಿ ಎದೆಗೆ ಒತ್ತಿಕೊಂಡಿದ್ದಾಳೆ. ಮೆಟ್ಟಿಲು ಇಳಿಯುವಾಗ ಚಾಕೊಲೇಟ್ ಅವನ ಕೈಯಲ್ಲಿ ಕರಗಿ ಅಂಟಂಟಾಗುತ್ತದೆ. ಹಸಿವಾಗಿ ವಾಪಸ್ ಬಂದಾಗ ಮನೆಯಲ್ಲಿ ಅಮ್ಮನೂ ಇಲ್ಲ, ತಂಗಿಯೂ ಇಲ್ಲ. ಮತ್ತೆ ಅವರನ್ನು ಅವನು ನೋಡುವುದೇ ಇಲ್ಲ.

ಐದು ಕಡೆ. ಹಾಳೆಯ ಅರ್ಧ ಕೂಡ ತುಂಬುವುದಿಲ್ಲ, ಆದರೆ ಇಡೀ ಕಾದಂಬರಿ ಅದರಲ್ಲಿ ಇದೆ.

ಹೆಜ್ಜೆ 4: ಈಗ ಪಾತ್ರ. ಹೇಳಿದ್ದನ್ನು ಬಿಟ್ಟು ಮಾಡಿದ್ದನ್ನು ನೋಡಿ

ವಿನ್‌ಸ್ಟನ್ ಸ್ಮಿತ್, 39 ವರ್ಷ, ಸರ್ಕಾರವನ್ನು ಒಳಗೊಳಗೇ ದ್ವೇಷಿಸುವ ಬಂಡಾಯಗಾರ. ನೋಟ್ಸ್‌ಗಳಲ್ಲಿ ಹೀಗಿರುತ್ತದೆ. ನಿಮ್ಮ ಹಾಳೆ ಬೇರೆ ಹೇಳುತ್ತದೆ. ಕ್ಯಾಂಟೀನಿನಲ್ಲಿ ಕೂತು, ನಿನ್ನೆಯದನ್ನು ನೆನಪಿಟ್ಟುಕೊಂಡವನು ನಾನೊಬ್ಬನೇ ಏನು ಅಂತ ಸಂಕಟಪಡುವ ಇದೇ ಮನುಷ್ಯ, ಆ ಚಾಕೊಲೇಟಿನ ಸುಳ್ಳಿಗೆ ದಾರಿ ಮಾಡಿಕೊಟ್ಟ ಕೆಲಸವನ್ನು ಸ್ವಲ್ಪ ಮೊದಲು ತಾನೇ ಮಾಡಿ ಬಂದಿದ್ದಾನೆ. ಅದೂ ಬೇಸರದಿಂದ ಮಾಡುವುದಿಲ್ಲ. ಅವನ ಬದುಕಿನ ದೊಡ್ಡ ಖುಷಿ ಆ ಕೆಲಸವೇ ಅಂತ ಆರ್ವೆಲ್ ಬರೆಯುತ್ತಾರೆ. ಇದನ್ನು ಗಮನಿಸದೆ ವಿನ್‌ಸ್ಟನ್‌ನನ್ನು ಹೀರೋ ಅಂತ ಬರೆದರೆ ಪಾತ್ರ ಕೈ ತಪ್ಪಿ ಹೋಯಿತು ಅಂತಲೇ ಅರ್ಥ.

ಒಂದು ಉಪಾಯ: ವಸ್ತು ಬರುವ ಅಧ್ಯಾಯದ ಮುಂದಿನ ಅಧ್ಯಾಯವನ್ನೂ ತಪ್ಪದೆ ನೋಡಿ. 7ನೇ ಅಧ್ಯಾಯದಲ್ಲಿ ಅಮ್ಮನ ಆ ತೋಳು ನೆನೆದು, ಏನೂ ಪ್ರಯೋಜನ ಇಲ್ಲದ ಅಪ್ಪುಗೆಗೂ ಒಂದು ಬೆಲೆ ಇದೆ ಅಂತ ವಿನ್‌ಸ್ಟನ್ ಅರ್ಥ ಮಾಡಿಕೊಳ್ಳುತ್ತಾನೆ. 8ನೇ ಅಧ್ಯಾಯದಲ್ಲಿ ಓಬ್ರಿಯನ್ ಮನೆಗೆ ಹೋಗುತ್ತಾನೆ. ಓಬ್ರಿಯನ್ ದೊಡ್ಡ ಅಧಿಕಾರಿ, ಆದರೆ ಗುಟ್ಟಾಗಿ ಪಕ್ಷದ ವಿರುದ್ಧ ಇದ್ದಾನೆ ಅಂತ ಇವನು ನಂಬಿದ್ದಾನೆ. ಪಕ್ಷದ ವಿರುದ್ಧ ಕೆಲಸ ಮಾಡಲು ಒಂದು ಮಗುವಿನ ಮುಖಕ್ಕೆ ಆಸಿಡ್ ಎರಚಬೇಕಾದರೆ ಎರಚುತ್ತೀಯಾ ಅಂತ ಓಬ್ರಿಯನ್ ಕೇಳುತ್ತಾನೆ. ಇವನು ಹೂಂ ಅನ್ನುತ್ತಾನೆ. ಒಂದೇ ಅಧ್ಯಾಯದ ಅಂತರ! ತಂಗಿಯ ಕೈಯಿಂದ ಕಿತ್ತುಕೊಂಡ ಹುಡುಗ ಒಳಗೆ ಇನ್ನೂ ಇದ್ದಾನೆ. ಮೂರನೇ ಭಾಗದಲ್ಲಿ ವಿನ್‌ಸ್ಟನ್ ನಾನು ನಿಮಗಿಂತ ಒಳ್ಳೆಯವನು ಅಂದಾಗ, ಈಗ ಜೈಲಿನಲ್ಲಿ ಅವನನ್ನು ಹಿಂಸಿಸುತ್ತಿರುವ ಓಬ್ರಿಯನ್ ಇದೇ ಮಾತಿನ ರೆಕಾರ್ಡಿಂಗ್ ಹಾಕಿ ಕೇಳಿಸುತ್ತಾನೆ.

ಬೇರೆ ಪಾತ್ರಗಳನ್ನೂ ಇದೇ ವಸ್ತುವಿನ ಪಕ್ಕ ನಿಲ್ಲಿಸಿ. ಕ್ಯಾಂಟೀನಿನಲ್ಲಿ ಪಕ್ಕದ ಮನೆಯ ಪಾರ್ಸನ್ಸ್ ಯೋಚನೆಯೇ ಮಾಡದೆ ನಂಬುತ್ತಾನೆ. ನಿಘಂಟು ಮಾಡುವ ಸೈಮ್ ಬುದ್ಧಿವಂತ, ಅವನು ಬುದ್ಧಿಯನ್ನೇ ಬಳಸಿ ತನ್ನನ್ನು ನಂಬಿಸಿಕೊಳ್ಳುತ್ತಾನೆ. ಜೂಲಿಯಾ ನಂಬುವ ಗೋಜಿಗೇ ಹೋಗುವುದಿಲ್ಲ, ಕಾಳಸಂತೆಗೆ ಹೋಗಿ ತಂದು ಹಂಚಿ ತಿನ್ನುತ್ತಾಳೆ. ಅವಳನ್ನು ಬರೀ ಪ್ರೇಯಸಿ ಅಂತ ಬರೆಯುವವರು ಜಾಸ್ತಿ. ಆದರೆ ಇಡೀ ಪುಸ್ತಕದಲ್ಲಿ ಚಾಕೊಲೇಟನ್ನು ಸರಿಸಮ ಎರಡು ಪಾಲು ಮಾಡಿ ಕೊಡುವವಳು ಅವಳೊಬ್ಬಳೇ.

ಹೆಜ್ಜೆ 5: ಸಮಾಜ. ಯಾರಿಗೆ ಎಷ್ಟು, ಹೇಳುವವರು ಯಾರು

‘ಸರ್ವಾಧಿಕಾರಿ ಸಮಾಜ’ ಅಂತ ಬರೆದು ಮುಂದೆ ಹೋಗಬೇಡಿ. ನಿಮ್ಮ ವಸ್ತು ಆ ಸಮಾಜದಲ್ಲಿ ಯಾರ ಹತ್ತಿರ ಇದೆ ಅಂತ ಕೇಳಿ.

ಬಿಟ್ಟು ಬಂದ 9ನೇ ಅಧ್ಯಾಯಕ್ಕೆ ಈಗ ಹೋಗಿ. ಲೆಕ್ಕ ಅಲ್ಲಿದೆ. ಮೇಲಿರುವ ಇನ್ನರ್ ಪಾರ್ಟಿ ಜನಸಂಖ್ಯೆಯ ಶೇ. 2ಕ್ಕೂ ಕಡಿಮೆ. ಪ್ರೋಲ್ ಅನ್ನುವ ದುಡಿಯುವ ಜನ ಸುಮಾರು ಶೇ. 85. ವಿನ್‌ಸ್ಟನ್, ಜೂಲಿಯಾ, ಪಾರ್ಸನ್ಸ್ ಎಲ್ಲ ಮಧ್ಯದ ಔಟರ್ ಪಾರ್ಟಿಯವರು. ಗ್ರಾಂ ಲೆಕ್ಕ ಈ ಮಧ್ಯದವರಿಗೆ. ಓಬ್ರಿಯನ್ ಮನೆಯಲ್ಲಿ ವೈನ್ ಇದೆ. ಜೂಲಿಯಾ ಒಮ್ಮೆ ನಿಜವಾದ ಸಕ್ಕರೆ, ಕಾಫಿ, ಬಿಳಿ ಬ್ರೆಡ್ಡು, ಜಾಮು ಕದ್ದುಮುಚ್ಚಿ ತರುತ್ತಾಳೆ, ಅದೆಲ್ಲ ಇನ್ನರ್ ಪಾರ್ಟಿಯವರಿಗೆ ಹೋಗುವ ಸಾಮಾನು. ದೇಶದಲ್ಲಿ ವಸ್ತು ಇಲ್ಲ ಅಂತಲ್ಲ, ಜನರನ್ನು ಬೇಕಂತಲೇ ಕೊರತೆಯಲ್ಲಿ ಇಟ್ಟಿದ್ದಾರೆ. ಎಲ್ಲರಿಗೂ ಹೊಟ್ಟೆ ತುಂಬಿ, ಪುರುಸೊತ್ತು ಸಿಕ್ಕರೆ ಅವರು ಯೋಚನೆ ಮಾಡಲು ಶುರು ಮಾಡುತ್ತಾರೆ, ಅದಕ್ಕೇ ಹೆಚ್ಚುವರಿ ಸಂಪತ್ತನ್ನು ಯುದ್ಧದಲ್ಲಿ ಸುಟ್ಟುಹಾಕಬೇಕು ಅಂತ ಆ ಅಧ್ಯಾಯ ಬಿಡಿಸಿ ಹೇಳುತ್ತದೆ. ಮಲಬಾರಿನ ಜಯ ಮತ್ತು 10 ಗ್ರಾಂ ಕಡಿತ ಒಂದೇ ಸುದ್ದಿಯಲ್ಲಿ ಯಾಕೆ ಬಂದವು ಅಂತ ಈಗ ತಿಳಿಯಿತು, ಅಲ್ವಾ?

ಅದೇ ಅಧ್ಯಾಯದಲ್ಲಿ ನಮ್ಮ ವಿಷಯವೂ ಇದೆ. ಮೂರು ದೊಡ್ಡ ದೇಶಗಳು ಹೊಡೆದಾಡುವುದು ಆಫ್ರಿಕಾದ ನಡುಭಾಗ, ಪಶ್ಚಿಮ ಏಷ್ಯಾ, ದಕ್ಷಿಣ ಭಾರತ, ಇಂಡೋನೇಷ್ಯಾದ ದ್ವೀಪಗಳಿಗಾಗಿ. ಅಲ್ಲಿನ ಜನರನ್ನು ಕಲ್ಲಿದ್ದಲು, ಎಣ್ಣೆಯ ಹಾಗೆ ಬಳಸಿ ಮುಗಿಸುತ್ತಾರೆ. ನಾವು ಇದನ್ನು ಲಂಡನ್ನಿನ ಕಥೆ ಅಂತ ಓದುತ್ತೇವೆ. ಆದರೆ ಆ ಲೋಕದಲ್ಲಿ ಬೆಂಗಳೂರು, ಮಂಗಳೂರು ಇದ್ದರೆ ಅವು ಇರುವುದು ಆ ಹೊಡೆದಾಟದ ಜಾಗದಲ್ಲಿ, ಕೂಲಿಗಳ ಜಾಗದಲ್ಲಿ. ಈ ಸಾಲು ಮೊದಲ ಸಲ ಕಣ್ಣಿಗೆ ಬಿದ್ದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇದಾದ ಮೇಲೆ ಬರೆದ ಕಾಲಕ್ಕೆ ಹೋಗಿ, ಅದಕ್ಕಿಂತ ಮೊದಲು ಬೇಡ. ಪುಸ್ತಕ ಬಂದದ್ದು 1949ರ ಜೂನ್ 8ರಂದು, ಲಂಡನ್‌ನಲ್ಲಿ. ಬ್ರಿಟನ್‌ನಲ್ಲಿ ಸಿಹಿತಿಂಡಿ, ಚಾಕೊಲೇಟಿಗೆ ರೇಷನ್ ಬಂದದ್ದು 1942ರಲ್ಲಿ. 1949ರ ಏಪ್ರಿಲ್‌ನಲ್ಲಿ ತೆಗೆದರು, ಬೇಡಿಕೆ ತಡೆಯಲಾಗದೆ ಆಗಸ್ಟ್‌ನಲ್ಲಿ ಮತ್ತೆ ಹಾಕಿದರು, ಪೂರ್ತಿ ತೆಗೆದದ್ದು 1953ರಲ್ಲಿ. ಅಂದರೆ ಮೊದಲ ಓದುಗರಿಗೆ ರೇಷನ್ ಲೆಕ್ಕದ ಚಾಕೊಲೇಟ್ ಕಲ್ಪನೆಯೇನೂ ಆಗಿರಲಿಲ್ಲ, ಅವರ ಮನೆಯದೇ ಮಾತು. ಆರ್ವೆಲ್ ಹುಟ್ಟಿದ್ದು 1903ರಲ್ಲಿ, ಬಿಹಾರದ ಮೋತಿಹಾರಿಯಲ್ಲಿ. ಬರ್ಮಾದಲ್ಲಿ ಪೊಲೀಸ್ ಕೆಲಸ ಮಾಡಿದರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬಿಬಿಸಿಯಲ್ಲಿ ಭಾರತದ ಕೇಳುಗರಿಗಾಗಿ ಕಾರ್ಯಕ್ರಮ ಮಾಡುತ್ತಿದ್ದರು. ಸರ್ಕಾರಿ ಸುದ್ದಿ ಹೇಗೆ ತಯಾರಾಗುತ್ತದೆ ಅಂತ ಒಳಗಿನಿಂದ ನೋಡಿದವರು. ಇಷ್ಟು ಸಾಕು. ಲೇಖಕರ ಜೀವನಚರಿತ್ರೆಯಿಂದಲೇ ಶುರು ಮಾಡಿದರೆ ಪುಸ್ತಕ ಓದುವುದು ಹಿಂದೆ ಬೀಳುತ್ತದೆ.

ಹೆಜ್ಜೆ 6: ಸಂಕೇತ ಕೊನೆಗೆ

ಈಗ ಕೇಳಿ: ಚಾಕೊಲೇಟ್ ಏನನ್ನು ಹೇಳುತ್ತಿದೆ? ಉತ್ತರಕ್ಕೆ ನನ್ನದೊಂದು ಪರೀಕ್ಷೆ ಇದೆ. ಮೊದಲ ಸಲ ಬಂದಾಗಿನ ಅರ್ಥವೇ ಕೊನೆಯ ಸಲವೂ ಇದ್ದರೆ ನೀವು ಇನ್ನೂ ಹೆಸರಿನ ಚೀಟಿಯನ್ನೇ ಅಂಟಿಸುತ್ತಿದ್ದೀರಿ. ಒಳ್ಳೆಯ ಕಾದಂಬರಿಯಲ್ಲಿ ಸಂಕೇತ ದಾರಿಯಲ್ಲಿ ಬದಲಾಗುತ್ತದೆ. ಮೊದಲು ಅದು ಸರ್ಕಾರದ ಅಂಕಿ. ಆಮೇಲೆ ಸುಳ್ಳು. ಜೂಲಿಯಾ ಕೈಯಲ್ಲಿ ಪ್ರೀತಿ. ಅಮ್ಮನ ಕೈಯಲ್ಲಿ ತನ್ನ ಪಾಲನ್ನೂ ಬಿಟ್ಟುಕೊಡುವುದು. ಹುಡುಗನ ಕೈಯಲ್ಲಿ ಕಳ್ಳತನ.

ಇಲ್ಲಿಗೆ ನಿಲ್ಲಿಸಬೇಡಿ. ವಸ್ತುವಿನ ಜೊತೆಗೆ ಬರುವ ಮೈಯ ಚಲನೆ ಯಾವುದು ಅಂತ ನೋಡಿ. ಚಾಕೊಲೇಟ್ ಹೋದ ಮೇಲೆ ಅಮ್ಮ ಮಗುವನ್ನು ತೋಳಿನಲ್ಲಿ ಬಳಸುತ್ತಾಳೆ. ಈ ತೋಳು ಮೊದಲ ಅಧ್ಯಾಯದಲ್ಲೇ ಬಂದಿದೆ. 1984ರ ಏಪ್ರಿಲ್ 4ರಂದು ವಿನ್‌ಸ್ಟನ್ ಡೈರಿಯಲ್ಲಿ ಬರೆಯುವ ಮೊದಲ ವಿಷಯ ಒಂದು ಸಿನಿಮಾ. ಅದರಲ್ಲಿ ದೋಣಿಯಲ್ಲಿರುವ ನಿರಾಶ್ರಿತ ಹೆಂಗಸೊಬ್ಬಳು ಮಗುವನ್ನು ತೋಳಿನಿಂದ ಮುಚ್ಚಿಕೊಳ್ಳುತ್ತಾಳೆ, ತೋಳು ಗುಂಡನ್ನು ತಡೆಯುತ್ತದೆ ಅನ್ನುವ ಹಾಗೆ. ಥಿಯೇಟರಿನಲ್ಲಿ ಪಕ್ಷದ ಜನ ಚಪ್ಪಾಳೆ ತಟ್ಟುತ್ತಾರೆ. ವಿನ್‌ಸ್ಟನ್ ಕೂಡ ಒಳ್ಳೆಯ ಸಿನಿಮಾ ಅಂತಲೇ ಬರೆಯುತ್ತಾನೆ. ಅವಳನ್ನು ಅಮ್ಮನ ಜೊತೆ ಸೇರಿಸಿ ನೋಡಲು ಅವನಿಗೆ ಎರಡನೇ ಭಾಗದ 7ನೇ ಅಧ್ಯಾಯದವರೆಗೆ ಬೇಕಾಗುತ್ತದೆ.

ಈಗ ಮೂರನೇ ಭಾಗದ 5ನೇ ಅಧ್ಯಾಯ, ಕೋಣೆ 101. ಕೈದಿ ಯಾವುದಕ್ಕೆ ಅತಿ ಹೆಚ್ಚು ಹೆದರುತ್ತಾನೋ ಅದನ್ನೇ ಎದುರಿಗೆ ತರುವ ಕೋಣೆ. ಮುಖಕ್ಕೆ ಇಲಿಗಳ ಪಂಜರ ಬರುತ್ತಿದೆ. ತನ್ನ ಮತ್ತು ಇಲಿಗಳ ನಡುವೆ ಇನ್ನೊಬ್ಬರ ದೇಹವನ್ನು ತಂದು ನಿಲ್ಲಿಸಿದರೆ ಮಾತ್ರ ಉಳಿಯುತ್ತೇನೆ ಅಂತ ಅವನಿಗೆ ಹೊಳೆಯುತ್ತದೆ. ಜೂಲಿಯಾಗೆ ಮಾಡಿ, ನನಗೆ ಬೇಡ ಅಂತ ಕಿರುಚುತ್ತಾನೆ. ಅಮ್ಮ ಮಗುವಿಗೆ ತನ್ನ ಮೈಯನ್ನೇ ಅಡ್ಡ ಇಟ್ಟಳು. ಮಗ ತನಗೆ ಇನ್ನೊಬ್ಬಳ ಮೈಯನ್ನು ಅಡ್ಡ ಹಿಡಿದ. ಇಡೀ ಪುಸ್ತಕದ ಕ್ರೌರ್ಯ ಈ ಒಂದು ತಿರುವಿನಲ್ಲಿದೆ. ಆ ಅಧ್ಯಾಯದಲ್ಲಿ ಚಾಕೊಲೇಟಿನ ಹೆಸರೂ ಬರುವುದಿಲ್ಲ. ಆದರೆ ಚಾಕೊಲೇಟಿನ ಹಿಂದೆ ಬಾರದೆ ಇದ್ದಿದ್ದರೆ ನನಗೆ ಇದು ಕಾಣುತ್ತಲೇ ಇರಲಿಲ್ಲ. ಮೊದಲ ಎರಡು ಓದಿನಲ್ಲಿ ಕಂಡಿರಲಿಲ್ಲ, ನಿಜವಾಗಿ.

ಹೆಜ್ಜೆ 7: ವಸ್ತು ಇಲ್ಲದ ಕಡೆಯನ್ನೂ ನೋಡಿ

ಮೂರನೇ ಭಾಗದಲ್ಲಿ ಅದರ ಜಾಗಕ್ಕೆ ಏನು ಬಂದಿದೆ? ಜೈಲಿನಲ್ಲಿ ಒಬ್ಬ ಕೈದಿ ಹಸಿವಿನಿಂದ ಸಾಯುತ್ತಿರುವ ಇನ್ನೊಬ್ಬನಿಗೆ ಜೇಬಿನಿಂದ ಬ್ರೆಡ್ಡಿನ ತುಂಡು ತೆಗೆದು ಚಾಚುತ್ತಾನೆ. ಟೆಲಿಸ್ಕ್ರೀನ್ ಅರಚುತ್ತದೆ. ಹಸಿದವನು ಹೆದರಿ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾನೆ. ಕೊಟ್ಟವನ ಬಾಯಿಗೆ ಗುದ್ದು ಬೀಳುತ್ತದೆ. ಕೊಡುವುದನ್ನೂ ಇಲ್ಲಿ ಅಪರಾಧ ಮಾಡಿದ್ದಾರೆ.

ಕೊನೆಯ ಅಧ್ಯಾಯದಲ್ಲಿ ವಿನ್‌ಸ್ಟನ್ ಕೆಫೆಯಲ್ಲಿ ಕೂತು ಲವಂಗದ ವಾಸನೆಯ ಜಿನ್ ಕುಡಿಯುತ್ತಿರುತ್ತಾನೆ. ಕರೆಯದೆ ಒಂದು ನೆನಪು ಬರುತ್ತದೆ. ಮಳೆಯ ದಿನ, ಅಮ್ಮ ಒಂದು ಹಾವು-ಏಣಿ ಆಟ ತಂದುಕೊಟ್ಟಿದ್ದಾಳೆ, ಇಬ್ಬರೂ ಆಡುತ್ತಾ ನಗುತ್ತಿದ್ದಾರೆ, ದಿಂಬಿಗೆ ಒರಗಿಸಿ ಕೂರಿಸಿದ ತಂಗಿಯೂ ಏನೂ ಅರ್ಥವಾಗದೆ ನಗುತ್ತಿದೆ. (ಇಂಗ್ಲೆಂಡಿಗೆ ಆ ಆಟ ಹೋದದ್ದು ನಮ್ಮ ಕಡೆಯಿಂದ. ಪರಮಪದ ಸೋಪಾನ ಪಟ ಆಡಿದವರಿಗೆ ಇದು ಗೊತ್ತು.) ಆ ಮಧ್ಯಾಹ್ನ ಮೂವರೂ ಸುಖವಾಗಿದ್ದರು. ಮರುಕ್ಷಣವೇ ಅವನು ಅದನ್ನು ತಳ್ಳಿಹಾಕುತ್ತಾನೆ: ಸುಳ್ಳು ನೆನಪು. 4ನೇ ಅಧ್ಯಾಯದಲ್ಲಿ ಚಾಕೊಲೇಟಿನ ಮಾತನ್ನು ಪತ್ರಿಕೆಯಿಂದ ಅಳಿಸಿದ ಹಾಗೆ ಈಗ ಅಮ್ಮನನ್ನು ತನ್ನ ತಲೆಯಿಂದ ತಾನೇ ಅಳಿಸುತ್ತಾನೆ. ಅದೇ ಕೆಲಸ, ಸಂಬಳ ಕೊಡುವವರೂ ಬೇಕಿಲ್ಲ.

ಹೆಜ್ಜೆ 8: ಬರೆಯುವುದು

ಪರೀಕ್ಷೆಗೆ ಬರೆಯುವವರು ಉತ್ತರವನ್ನು ಒಂದು ವಾಕ್ಯದಿಂದ ಶುರು ಮಾಡಿ. ಆ ವಾಕ್ಯದಲ್ಲಿ ನಿಮ್ಮ ವಸ್ತು, ಒಬ್ಬ ಮನುಷ್ಯ, ಮತ್ತೆ ಒಂದು ಅಧಿಕಾರ ಮೂರೂ ಇರಲಿ. ಉದಾಹರಣೆಗೆ: ‘ತಂಗಿಯ ಚಾಕೊಲೇಟ್ ಕಿತ್ತುಕೊಂಡ ಹುಡುಗನನ್ನು ವಿನ್‌ಸ್ಟನ್ ತನ್ನೊಳಗೆ ಎದುರಿಸುವಷ್ಟರಲ್ಲಿ, ಅದೇ ಹುಡುಗನನ್ನು ಪಕ್ಷ ಕೋಣೆ 101ರಲ್ಲಿ ಮತ್ತೆ ಹೊರಗೆ ಕರೆಯುತ್ತದೆ.’ ಆಮೇಲೆ ಹಾಳೆಯಿಂದ ಮೂರು ಜಾಗ ಸಾಕು, ಐದೂ ತುರುಕಬೇಡಿ. ಕಥೆಯ ಸಾರಾಂಶ ಬರೆಯಬೇಡಿ, ಪೇಪರ್ ನೋಡುವವರು ಪುಸ್ತಕ ಓದಿರುತ್ತಾರೆ.

ಬೇರೆ ಪುಸ್ತಕಕ್ಕೂ ಇದೇ ಕ್ರಮ. ‘ಅನಿಮಲ್ ಫಾರ್ಮ್’ (1945) ಓದುವವರು ಹಾಲು ಮತ್ತು ಸೇಬು ಹಿಡಿಯಿರಿ. ಹಂದಿಗಳು ಅದನ್ನು ತಮಗೇ ಇಟ್ಟುಕೊಂಡ ಗಳಿಗೆಯಲ್ಲೇ ಎಲ್ಲ ಹಾಳಾಗಲು ಶುರುವಾಗುತ್ತದೆ. ‘ಲಾರ್ಡ್ ಆಫ್ ದ ಫ್ಲೈಸ್’ (1954) ಆದರೆ ಪಿಗ್ಗಿ ಅನ್ನುವ ಹುಡುಗನ ಕನ್ನಡಕ. ಶಂಖ ಎಲ್ಲರ ಕಣ್ಣಿಗೂ ಬೀಳುತ್ತದೆ, ಕನ್ನಡಕ ಕೈ ಬದಲಾಗುವುದನ್ನು ನೋಡುವವರು ಕಡಿಮೆ. ‘ಫ್ಯಾರನ್‌ಹೀಟ್ 451’ರಲ್ಲಿ (1953) ಪುಸ್ತಕಗಳನ್ನು ಬಿಡಿ, ಮುಖ್ಯ ಪಾತ್ರ ಮೊಂಟಾಗ್‌ನ ಕೈಗಳನ್ನು ನೋಡಿ.

ಈ ಸಲ ರಜೆಗೆ ಬಂದಾಗ ಅಕ್ಕನ ಮಗಳ ಚೀಲದಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇತ್ತು. ಎಲ್ಲರೂ ದುಡಿಯ ಬಗ್ಗೆ ಬರೆಯುತ್ತಾರೆ ಅಂತ ಅವಳು ಎತ್ತುಗಳನ್ನು ಹಿಡಿದಿದ್ದಾಳೆ. ಚೋಮನ ಹತ್ತಿರ ಎತ್ತಿನ ಜೋಡಿ ಇದೆ, ಉಳಲು ಅವನಿಗೆ ಭೂಮಿ ಇಲ್ಲ. ಎತ್ತು ಬರುವ ಕಡೆಯೆಲ್ಲ ಪೆನ್ಸಿಲ್ ಚುಕ್ಕಿ ಇತ್ತು. ಒಂದು ಪುಟದ ಅಂಚಿನಲ್ಲಿ ಬರೆದಿದ್ದಳು: ‘ಇಲ್ಲಿ ಚೋಮ ಎತ್ತಿನ ಹತ್ತಿರ ಮಾತಾಡ್ತಾನೆ, ಧಣಿ ಹತ್ತಿರ ಆಡಕ್ಕಾಗದ ಮಾತು.’